ದೊರೆಸಾನಿಯ ಕೊರಳ ಬಿಲ್ಲೆ

ಬೆಂಕಿಯಪ್ಪನ ಮನೆಯಲ್ಲಿ ಅತ್ತೆಗೂ ಅಳಿಯನಿಗೂ ಜಗಳವಿರಲಿಲ್ಲ. ಜಗಳವಾಡಬೇಕಾದರೆ ಮೊದಲು ಮಾತಾಡಬೇಕು; ಅವರಿಬ್ಬರ ನಡುವೆ ಮಾತೇ ಇರಲಿಲ್ಲ. ಮನಸ್ತಾಪವೇನಲ್ಲ, ಬರೀ ಸಂಕೋಚ. ಮದುವೆಯಾದ ಹೊಸದರಲ್ಲಿ ಅಳಿಯ ಮೊದಲು ಮಾತಾಡಲಿ ಎಂದು ಅತ್ತೆ ಕಾದರು, ಅತ್ತೆ ಮೊದಲು ಮಾತಾಡಲಿ ಎಂದು ಅಳಿಯ ಕಾದ. ಕಾಯುತ್ತ ಕಾಯುತ್ತ ಮದುವೆಯಾದ ಹುಡುಗಿಯ ತಲೆಯಲ್ಲಿ ನರೆ ಮೂಡಿತು. ಆಮೇಲೆ ಅತ್ತೆ ಒಂದು ಪೆಟ್ಟಿಗೆ, ಒಂದು ಬೆಕ್ಕು ಹಿಡಿದುಕೊಂಡು ಮಗಳ ಮನೆಯಲ್ಲೇ ಇರಲು ಬಂದರು. ಒಂದೇ ಸೂರಿನ ಕೆಳಗೆ ಎಷ್ಟು ದಿನ ಅಂತ ಬಾಯಿಗೆ ಬೀಗ ಹಾಕಿಕೊಂಡಿರಲು ಸಾಧ್ಯ? ಬೆಕ್ಕು ನಡುವೆ ಬಂತು.

"ದೊರೆಸಾನೀ, ಅಳಿಯಂದ್ರಿಗೆ ಹೇಳು, ಫ್ಯಾನು ಕಿರಗುಟ್ತಾ ಇದೆ," ಎಂದು ಅತ್ತೆ ತೊಡೆಯ ಮೇಲಿನ ಬೆಕ್ಕಿಗೆ ಹೇಳುವರು.

"ಅತ್ತೆಗೆ ಹೇಳಮ್ಮ, ಭಾನುವಾರ ಎಣ್ಣೆ ಬಿಡ್ತೀನಿ ಅಂತ," ಎಂದು ಅಳಿಯ ಬೆಕ್ಕಿನ ಕಿವಿಗೆ ಬಾಗಿ ಹೇಳುವನು.

ದೊರೆಸಾನಿ ಯಾರಿಗೂ ಏನನ್ನೂ ಹೇಳದೆ ಬಾಲ ಒಮ್ಮೆ ಆಡಿಸುವಳು. ಅಷ್ಟಕ್ಕೇ ಫ್ಯಾನಿಗೆ ಎಣ್ಣೆ ಬೀಳುತ್ತಿತ್ತು, ಔಷಧಿ ಬರುತ್ತಿತ್ತು, ಕನ್ನಡಕ ದುರಸ್ತಿಯಾಗುತ್ತಿತ್ತು. ಬೆಂಕಿಯಪ್ಪನ ಹೆಂಡತಿ ಮಾತ್ರ, "ನಿಮ್ಮಿಬ್ಬರ ಮಧ್ಯೆ ಆ ಮೂಕಪ್ರಾಣಿಯ ಕಿವಿ ಸವೆದುಹೋಗತ್ತೆ ನೋಡ್ತಾ ಇರಿ," ಎನ್ನುತ್ತಿದ್ದಳು.

ಬೆಂಕಿಯಪ್ಪ ಅನ್ನುವುದು ಅಳಿಯನ ನಿಜವಾದ ಹೆಸರಲ್ಲ, ಕಟ್ಟಡದವರು ಇಟ್ಟದ್ದು. ಹೆಸರು ಕೇಳಿ ಮೀಸೆ ತಿರುವುವ ಆಳು ಎಂದುಕೊಳ್ಳಬೇಡಿ. ಬಿಸಿ ಲೋಟವನ್ನೂ ಬಟ್ಟೆಯಲ್ಲಿ ಹಿಡಿದುಕೊಳ್ಳುವ ಮನುಷ್ಯ. ಕಚೇರಿ, ಅಂಗಡಿ, ಮಹಡಿ ಮನೆಗಳ ಗೋಡೆಗೆ ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರ್ ನೇತುಹಾಕಿರುತ್ತಾರಲ್ಲ, ಅವುಗಳ ತಪಾಸಣೆ ಅವನ ಉದ್ಯೋಗ. ಸಿಲಿಂಡರಿನ ನೆತ್ತಿಯಲ್ಲಿ ಗಡಿಯಾರದಂಥದ್ದೊಂದು ಇರುತ್ತದೆ. ಅದರ ಮುಳ್ಳು ಹಸಿರಿನಲ್ಲಿದ್ದರೆ ಕ್ಷೇಮ, ಕೆಂಪಿಗೆ ಬಂದರೆ ಅಪಾಯ. ಮುಳ್ಳು ನೋಡಬೇಕು, ಕೊಳವೆ ಹಿಂಡಿ ನೋಡಬೇಕು, ಎತ್ತಿ ತೂಕ ನೋಡಬೇಕು, ಆಮೇಲೆ ನೋಡಿದ್ದಾಯಿತು ಎಂಬ ಗುರುತಿನ ಬಿಲ್ಲೆ ಕಟ್ಟಬೇಕು ಎಂಬುದು ನಿಯಮ. ಮೊದಮೊದಲು ಬೆಂಕಿಯಪ್ಪ ಎಲ್ಲವನ್ನೂ ಮಾಡುತ್ತಿದ್ದ. ವರ್ಷಗಳು ಕಳೆದಂತೆ ತೂಕ ಬಿಟ್ಟುಹೋಯಿತು, ಕೊಳವೆ ಬಿಟ್ಟುಹೋಯಿತು, ಮುಳ್ಳು ಮತ್ತು ಬಿಲ್ಲೆ ಉಳಿದವು. ತನ್ನ ದವಡೆಯಲ್ಲಿ ಆಗಾಗ ಚಳಕ್ ಎನ್ನುವ ಒಂದು ಹಲ್ಲಿದ್ದರೂ, "ಮುಳ್ಳು ಹಸಿರಲ್ಲೇ ಇದೆ," ಎಂದುಕೊಂಡು ಇನ್ನೊಂದು ಬದಿಯಲ್ಲಿ ಅಗಿಯುತ್ತ ಬದುಕು ಸಾಗಿಸಿದ್ದ.

ಕಥೆ ಶುರುವಾದದ್ದು ಕಟ್ಟಡದ ಸಂಘದ ಸಭೆಯಲ್ಲಿ. ಸಂಘದ ಕಾರ್ಯದರ್ಶಿಗಳು ಅಂಚೆ ಇಲಾಖೆಯಿಂದ ನಿವೃತ್ತರಾದವರು; ಆಳಲು ಇಲಾಖೆ ಇಲ್ಲದ್ದರಿಂದ ಕಟ್ಟಡವನ್ನು ಆಳುತ್ತಿದ್ದರು. ಆ ದಿನ ಅವರ ಕೈಗೆ ಪಟ್ಟಿ ಸುತ್ತಿತ್ತು. ಕೆಳಮನೆಯ ಟೈಲರಮ್ಮನ ಬೆಕ್ಕು ಮೆಟ್ಟಿಲ ಮೇಲೆ ಪರಚಿತ್ತು.

"ಆ ಬೆಕ್ಕನ್ನ ಡಾಕ್ಟರಿಗೆ ತೋರಿಸಿದ್ದೀರೇನಮ್ಮಾ?" ಎಂದು ಅವರು ಗುಡುಗಿದರು.

"ಅದಕ್ಕೇನಾಗಿದೆ ಸಾರ್ ತೋರಿಸೋಕೆ? ಗುಂಡುಕಲ್ಲಿನ ಹಾಗಿದೆ. ಹುಷಾರಿಲ್ದಾಗ ನೋಡಿದ್ರಾಯ್ತು," ಎಂದಳು ಟೈಲರಮ್ಮ.

ಇಲ್ಲಿ ಬೆಂಕಿಯಪ್ಪ ಸುಮ್ಮನಿರಬೇಕಿತ್ತು. ಆದರೆ ತಪಾಸಣೆಯ ವಿಷಯ ಕಿವಿಗೆ ಬಿದ್ದರೆ ಅವನೊಳಗಿನ ಅಧಿಕಾರಿ ಎದ್ದು ನಿಲ್ಲುತ್ತಾನೆ.

"ಹುಷಾರಿಲ್ದಾಗ ನೋಡೋದು ತಪಾಸಣೆ ಅಲ್ಲಮ್ಮಾ. ಬೆಂಕಿ ಬಿದ್ಮೇಲೆ ಸಿಲಿಂಡರ್ ತುಂಬಿಸೋಕೆ ಹೋದ ಹಾಗೆ. ಚೆನ್ನಾಗಿದ್ದಾಗಲೇ ನೋಡ್ಬೇಕು. ನಮ್ಮ ದೊರೆಸಾನೀನ ವರ್ಷಾ ವರ್ಷಾ ತೋರಿಸ್ತೀವಿ," ಎಂದುಬಿಟ್ಟ.

ಕಾರ್ಯದರ್ಶಿಗಳು ಚಪ್ಪಾಳೆ ತಟ್ಟಿದರು. ಪಟ್ಟಿ ಸುತ್ತಿದ ಕೈಯಾದ್ದರಿಂದ ಸದ್ದು ಬರಲಿಲ್ಲ, ಆದರೂ ಬೆಂಕಿಯಪ್ಪನಿಗೆ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ದೊರೆಸಾನಿ ಹುಟ್ಟಿದಾರಭ್ಯ ಆಸ್ಪತ್ರೆಯ ಬಾಗಿಲು ಕಂಡವಳಲ್ಲ.

"ಯಾವಾಗ್ರೀ ತೋರಿಸಿದ್ದು?" ಎಂದು ಮನೆಗೆ ಬಂದ ಮೇಲೆ ಕೇಳಿದಳು.

"ನಾಳೆ ತೋರಿಸಿಬಿಟ್ರೆ ಹೇಳಿದ್ದು ನಿಜ ಆಗತ್ತಲ್ಲ," ಎಂದ ಬೆಂಕಿಯಪ್ಪ.

ಒಳ್ಳೆಯ ಮನಸ್ಸಿನಿಂದಲೇ ಹೊರಟ. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ಕಂಪನಿಯ ವ್ಯಾನಿನಲ್ಲಿ ಪಶುವೈದ್ಯರ ಆಸ್ಪತ್ರೆಗೆ ಒಯ್ದ. ಅಲ್ಲಿ ಬೆಂಚಿನ ತುಂಬ ಜನ, ಜನರ ಕಾಲಡಿಯಲ್ಲಿ ನಾಯಿಗಳು. ಕರುವಿನಷ್ಟು ಎತ್ತರದ ಒಂದು ನಾಯಿ ಬುಟ್ಟಿಯನ್ನು ಮೂಸಿ ನೋಡಿತು. ದೊರೆಸಾನಿ ಒಳಗಿನಿಂದ ಎತ್ತಿದ ಸ್ವರಕ್ಕೆ ನಾಯಿ ಹಿಂದೆ ಸರಿಯಿತು, ಅದರ ಯಜಮಾನನೂ ಸರಿದ. ಸಮಾಧಾನ ಮಾಡಲು ಕೈ ಒಳಗೆ ಹಾಕಿದ ಬೆಂಕಿಯಪ್ಪ ಮುಂಗೈಯಿಂದ ಮೊಣಕೈವರೆಗೆ ಗೀರಿಸಿಕೊಂಡ. ಸರದಿ ಇನ್ನೂ ದೂರವಿತ್ತು. ಕೆಲಸಕ್ಕೆ ಹೊತ್ತಾಗುತ್ತಿತ್ತು. 'ಇನ್ನೊಂದು ದಿನ ಬರೋಣ' ಎಂದುಕೊಂಡು ವ್ಯಾನಿಗೆ ಮರಳಿದ.

ವ್ಯಾನಿನಲ್ಲಿ ಬುಟ್ಟಿಯ ಮುಚ್ಚಳ ತೆಗೆದು ನೋಡಿದ. ಕಣ್ಣು ಹೊಳೆಯುತ್ತಿದ್ದವು. ಮೈ ಮಿರುಗುತ್ತಿತ್ತು. ಉಗುರಿನ ಹರಿತ ಆಗಲೇ ಗೊತ್ತಾಗಿತ್ತು. ಮುಳ್ಳು ಹಸಿರಲ್ಲಿದೆ ಎಂದಿತು ಮನಸ್ಸು. ನೋಡುವುದು, ಕಟ್ಟುವುದು ಎರಡೂ ಒಂದೇ ಉಸಿರಿನ ಕೆಲಸವಾಗಿಹೋಗಿದ್ದ ಕೈ ಅದು. ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು. ಕಂಪನಿ ಆ ವಾರವಷ್ಟೇ ಕೊಟ್ಟ ಹೊಸ ಹಸಿರು ಬಿಲ್ಲೆಯೊಂದನ್ನು ತೆಗೆದು ದೊರೆಸಾನಿಯ ಕೊರಳಿಗೆ ಕಟ್ಟಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳುತ್ತಲೇ ಇವೆ; ಬಿಲ್ಲೆ ಕಟ್ಟುವವರು ಯಾರು ಎಂದು ಕೇಳುವ ಗೋಜೇ ಇಲ್ಲದೆ ಕೆಲಸ ಮುಗಿಯಿತು.

ಮನೆ ಮುಟ್ಟುವ ಮೊದಲು ಬಿಚ್ಚಿಹಾಕುವ ಯೋಚನೆಯೇನೋ ಇತ್ತು. ಆದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೆಕ್ಕನ್ನು ಎತ್ತಿಕೊಂಡವರೇ ಕನ್ನಡಕ ಏರಿಸಿ ಓದಿದರು: "ತಪಾಸಣೆಯಾಗಿದೆ. ಸುಸ್ಥಿತಿಯಲ್ಲಿದೆ."

ಬಿಲ್ಲೆಯಲ್ಲಿ ಸಿಲಿಂಡರ್ ಎಂಬ ಪದವೇ ಇರಲಿಲ್ಲ. ಬೆಕ್ಕಿಗೂ ಸಲ್ಲುವಂತಿತ್ತು, ಮಂತ್ರಿಗೂ ಸಲ್ಲುವಂತಿತ್ತು. ಅತ್ತೆಯ ಕಣ್ಣು ಒದ್ದೆಯಾಯಿತು. "ದೊರೆಸಾನೀ, ಅಳಿಯಂದ್ರಿಗೆ ಹೇಳು, ನಂಗೆ ತುಂಬಾ ಸಂತೋಷ ಆಯ್ತು ಅಂತ. ಇಷ್ಟು ವರ್ಷ ನಿನ್ನ ಬಗ್ಗೆ ಯಾರೂ ಇಷ್ಟು ಯೋಚನೆ ಮಾಡಿರಲಿಲ್ಲ," ಎಂದರು. ಅಷ್ಟು ವರ್ಷಗಳಲ್ಲಿ ಅತ್ತೆಯಿಂದ ಅವನಿಗೆ ಬಂದ ಮೊದಲ ಹೊಗಳಿಕೆ ಅದು. ಅದನ್ನು ಬಿಚ್ಚಿಹಾಕಲು ಎಂಥವನಿಗೂ ಕೈ ಬಾರದು. ಬೆಂಕಿಯಪ್ಪ ಬರಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ಆಪತ್ತು ಬಿಲ್ಲೆಯ ಹಿಂಬದಿಯಲ್ಲಿತ್ತು. ಅತ್ತೆ ಅದನ್ನೂ ಓದಿದರು. "ಬಿಸಿಲಿನಿಂದ ದೂರವಿಡಿ. ಮಕ್ಕಳು ಅಲುಗಾಡಿಸದಂತೆ ನೋಡಿಕೊಳ್ಳಿ. ತುರ್ತಿನಲ್ಲಿ ಮಾತ್ರ ಬಳಸಿ."

ಡಾಕ್ಟರ ಮಾತು ಅತ್ತೆಗೆ ವೇದವಾಕ್ಯ. ದೊರೆಸಾನಿ ಬೆಳಗಿನ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗುತ್ತಿದ್ದ ಕಿಟಕಿಗೆ ಅಂದೇ ದಪ್ಪ ಪರದೆ ಬಿತ್ತು. ಪಕ್ಕದ ಮನೆಯ ಮಕ್ಕಳಿಗೆ ಪ್ರವೇಶ ನಿಂತಿತು. "ಬಳಸಿ ಅಂದ್ರೇನೇ?" ಎಂದು ಅತ್ತೆ ಮಗಳನ್ನು ಕೇಳಿ, ಮಗಳು ಉತ್ತರಿಸುವ ಮೊದಲೇ ತಾವೇ ಅರ್ಥ ಮಾಡಿಕೊಂಡರು. "ಪಾಪ, ಸಿಕ್ಕಸಿಕ್ಕ ವಿಷಯಕ್ಕೆಲ್ಲ ಇವಳ ಕೈಲಿ ಹೇಳಿಸ್ತಾ ಇದ್ದೆ. ಆಯಾಸ ಆಗಿರತ್ತೆ." ಅಂದಿನಿಂದ ಫ್ಯಾನು ಕಿರಗುಟ್ಟಿದರೂ ಅಳಿಯನಿಗೆ ಸಂದೇಶವಿಲ್ಲ. ಮನೆಯಲ್ಲಿ ಫ್ಯಾನೊಂದೇ ಮಾತಾಡತೊಡಗಿತು.

ಬಿಲ್ಲೆಯ ಕೀರ್ತಿ ಮೆಟ್ಟಿಲಿಳಿಯಿತು. ಕಾರ್ಯದರ್ಶಿಗಳು ಭೂತಗನ್ನಡಿ ತಂದು ಪರೀಕ್ಷಿಸಿ, "ಹೀಗಿರಬೇಕು ವ್ಯವಸ್ಥೆ! ಇನ್ಮೇಲೆ ಬಿಲ್ಲೆ ಇಲ್ಲದ ಬೆಕ್ಕು ಮೆಟ್ಟಿಲು ಹತ್ತಕೂಡದು," ಎಂದು ಆಜ್ಞೆ ಹೊರಡಿಸಿದರು. ಮರುದಿನವೇ ಟೈಲರಮ್ಮ ತನ್ನ ಪರಚುವ ಬೆಕ್ಕನ್ನು ಹೊಲಿಗೆ ಚೀಲದಲ್ಲಿ ಹಾಕಿಕೊಂಡು ಬಂದಳು.

"ಅಣ್ಣಾ, ಯಾವ ಆಸ್ಪತ್ರೆ ಅದು?"

"ಬಹಳ ದೂರಮ್ಮ. ಡಾಕ್ಟ್ರು ಮಹಾ ಸಿಡುಕ," ಎಂದ ಬೆಂಕಿಯಪ್ಪ.

"ಅಯ್ಯೋ, ನಾನು ಹೋಗಿ ಬೈಸ್ಕೊಳ್ಳೋದು ಯಾಕೆ? ನಿಮಗಾದ್ರೆ ಪರಿಚಯ ಇದೆ. ನೀವೇ ಕರ್ಕೊಂಡು ಹೋಗಿಬನ್ನಿ," ಎಂದು ಚೀಲ ಕೈಗಿತ್ತು ಹೊರಟೇಹೋದಳು.

ಸುಳ್ಳು ಒಂಟಿಯಾಗಿ ಬಾಳುವುದಿಲ್ಲ, ಸಂಸಾರ ಹೂಡುತ್ತದೆ. ಬೆಂಕಿಯಪ್ಪ ಆ ಬೆಕ್ಕನ್ನು ದಿನವಿಡೀ ಸಿಲಿಂಡರುಗಳ ನಡುವೆ ಕೂರಿಸಿಕೊಂಡು ಊರು ಸುತ್ತಿಸಿ, ಸಂಜೆ ಬಿಲ್ಲೆ ಕಟ್ಟಿ ಒಪ್ಪಿಸಿದ. ಬೆನ್ನಿಗೇ ಮೂರನೇ ಮಹಡಿಯ ಬೆಕ್ಕು ಬಂತು. ಎದುರು ಕಟ್ಟಡದ್ದು ಬಂತು. ಮುಂದಿನ ಸಭೆಯಲ್ಲಿ ಕಾರ್ಯದರ್ಶಿಗಳು ಅವನನ್ನು ಬೆಕ್ಕು ತಪಾಸಣಾ ಉಪಸಮಿತಿಯ ಅಧ್ಯಕ್ಷನನ್ನಾಗಿ ಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಬೆಂಕಿಯಪ್ಪ ಕಣ್ಣು ಮುಚ್ಚಿಕೊಂಡು ಆ ಕುರ್ಚಿಯಲ್ಲಿ ಕೂತ.

ಈ ಗದ್ದಲದಲ್ಲಿ ದೊರೆಸಾನಿ ಯಾವಾಗ ಬದಲಾದಳು ಎಂಬುದು ಯಾರಿಗೂ ತಿಳಿಯಲಿಲ್ಲ. ಮೊದಲು ಬೀರುವಿನ ಮೇಲೆ ಹಾರುವುದು ನಿಂತಿತು. ಆಮೇಲೆ ತಟ್ಟೆಯಲ್ಲಿ ಮೀನಿನ ಚೂರು ಉಳಿಯತೊಡಗಿತು. ನೀರಿನ ಬಟ್ಟಲು ಮಾತ್ರ ತುಂಬಿಸಿದಷ್ಟೂ ಖಾಲಿ. ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುವಳು. ಮಿರುಗುತ್ತಿದ್ದ ಮೈ ಹಳೆಯ ಕಂಬಳಿಯ ಹಾಗಾಯಿತು.

"ಅಮ್ಮಾ, ಯಾಕೋ ಸೊರಗಿದ್ದಾಳೆ," ಎಂದಳು ಮಗಳು.

"ಬಿಸಿಲು ಬಿಡಿಸಿದ್ದೀವಲ್ಲ, ಅದಕ್ಕೆ ಮುನಿಸು. ಮುಳುಗಿಹೋಗುವಂಥದ್ದೇನಿಲ್ಲ. ಸುಸ್ಥಿತಿಯಲ್ಲಿದೆ ಅಂತ ಡಾಕ್ಟ್ರೇ ಬರೆದುಕೊಟ್ಟಿದ್ದಾರೆ," ಎಂದರು ಅತ್ತೆ.

ಬೆಂಕಿಯಪ್ಪ ಅತ್ತೆಯತ್ತ ನೋಡಿದ. ಬೆಕ್ಕು ಒಂದು ಸಲ ಸೀನಿದರೆ ಎದ್ದು ಕೂರುತ್ತಿದ್ದ ಹೆಂಗಸು ಇವರು. ಅದರ ಮೀಸೆಯ ಒಂದು ಕೂದಲು ಬಾಗಿದರೂ ಗುರುತಿಸುತ್ತಿದ್ದ ಕಣ್ಣು ಈಗ ಬೆಕ್ಕನ್ನು ಬಿಟ್ಟು ಬಿಲ್ಲೆಯನ್ನು ನೋಡುತ್ತಿತ್ತು. ಮರುದಿನ ಅತ್ತೆ ಬೆರಳ ತುದಿಯಲ್ಲಿ ಹಾಲು ನೆಕ್ಕಿಸಲು ನೋಡುತ್ತ, "ತಿನ್ನೇ ದೊರೆಸಾನೀ. ಅಳಿಯಂದ್ರು ಅಷ್ಟು ಕಷ್ಟಪಟ್ಟು ತೋರಿಸ್ಕೊಂಡು ಬಂದ್ರು, ಅವರ ಮರ್ಯಾದೆಗಾದ್ರೂ ತಿನ್ನೇ," ಎಂದು ಬೇಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಬೆಂಕಿಯಪ್ಪನಿಗೆ ತಾನು ಎಂಥ ಪಾಪಿ ಎಂಬುದು ಆಗ ತಿಳಿಯಿತು. ಬುಟ್ಟಿ ತಂದು ಮುಂದಿಟ್ಟ.

"ಅತ್ತೆಗೆ ಹೇಳಮ್ಮ, ಈಗಲೇ ಆಸ್ಪತ್ರೆಗೆ ಹೋಗ್ಬೇಕು ಅಂತ," ಎಂದ.

"ವರ್ಷ ಆಗಿಲ್ವಲ್ಲ ಅಂತ ಹೇಳು," ಎಂದರು ಅತ್ತೆ. ಆದರೂ ಅಳಿಯನ ಮುಖ ನೋಡಿ ಸೆರಗು ಸರಿಪಡಿಸಿಕೊಂಡು ತಾವೂ ಹೊರಟರು.

ಈ ಸಲ ಬುಟ್ಟಿಯೊಳಗಿನಿಂದ ಸ್ವರ ಬರಲಿಲ್ಲ. ಕರುವಿನಷ್ಟು ಎತ್ತರದ ನಾಯಿ ಮೂಸಿದರೂ ಬರಲಿಲ್ಲ. ಹಿಂದಿನ ಸಲ ಆ ಕಿರುಚಾಟದಿಂದ ತಪ್ಪಿಸಿಕೊಂಡು ಓಡಿದ್ದವನು ಇಂದು ಅದನ್ನೇ ಕೇಳಲು ಕಿವಿಗೊಟ್ಟು ಕೂತಿದ್ದ.

ಮಹಾ ಸಿಡುಕ ಎಂದು ಅವನು ಊರಿಗೆಲ್ಲ ಹೇಳಿದ್ದ ಡಾಕ್ಟರು ಕಿರುದನಿಯ ಒಬ್ಬ ಹೆಂಗಸು. ಬೆಕ್ಕಿನ ಬಾಯಿ ತೆರೆದು ನೋಡಿದರು, ಹೊಟ್ಟೆ ಒತ್ತಿದರು, ತೂಕ ನೋಡಿದರು, ರಕ್ತ ತೆಗೆದು ಅಲ್ಲೇ ಪರೀಕ್ಷಿಸಿದರು. ಕೊನೆಗೆ ಕೊರಳಿನ ಬಿಲ್ಲೆ ತಿರುವಿ ಓದಿ ಹುಬ್ಬು ಗಂಟಿಕ್ಕಿದರು.

"ತುರ್ತಿನಲ್ಲಿ ಮಾತ್ರ ಬಳಸಿ? ಇದನ್ನ ಯಾರು ಕಟ್ಟಿದ್ದು?"

"ನೀವೇ ಅಲ್ವೇ?" ಎಂದರು ಅತ್ತೆ, ನಗುತ್ತ. "ನೀವೇ ನೋಡಿ ಕಟ್ಟಿ ಕಳಿಸಿದ್ದು. ಅಂದಿನಿಂದ ಬಿಸಿಲಿಗೇ ಬಿಟ್ಟಿಲ್ಲ."

"ನಾನು ಈ ಬೆಕ್ಕನ್ನ ನೋಡ್ತಿರೋದು ಇದೇ ಮೊದಲು."

ಬೆಂಕಿಯಪ್ಪ ಬೆಕ್ಕಿನ ಕಡೆ ತಿರುಗಿದ. "ದೊರೆಸಾನೀ, ಅತ್ತೆಗೆ ಹೇಳಮ್ಮ... ಅದು ಸಿಲಿಂಡರಿಗೆ ಕಟ್ಟೋ ಬಿಲ್ಲೆ. ನಾನೇ ಕಟ್ಟಿದ್ದು. ಅವತ್ತು ಸರದಿ ಬರೋ ತನಕ ಕಾಯಲಿಲ್ಲ," ಎಂದ.

ಬೆಕ್ಕು ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದರೂ ಅತ್ತೆಗೆ ತಲುಪಿತು. ಅವರ ಮುಖದ ನಗು ಹೇಗೆ ಆರಿತೆಂದರೆ, ಬೆಂಕಿಯಪ್ಪನ ಸಿಲಿಂಡರು ಎಂದೂ ಯಾವ ಬೆಂಕಿಯನ್ನೂ ಹಾಗೆ ಆರಿಸಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಲ್ಲು ಹಾಳಾಗಿದೆ, ಕೀವಾಗಿದೆ. ಅದು ಹಳೇದು, ಮೊದಲೇ ತಂದಿದ್ರೆ ಸುಲಭವಾಗಿ ಹೋಗ್ತಿತ್ತು. ಮೂತ್ರಪಿಂಡ ಕೂಡ ಸೋತಿದೆ. ಅದನ್ನ ಪೂರ್ತಿ ಸರಿ ಮಾಡೋಕೆ ಆಗಲ್ಲ, ಹುಷಾರಾಗಿ ನೋಡ್ಕೋಬಹುದು ಅಷ್ಟೇ. ಬೆಕ್ಕು ನಾಯಿಯ ಹಾಗಲ್ಲ ಸಾರ್, ನೋವಿದೆ ಅಂತ ತೋರಿಸ್ಕೊಳ್ಳಲ್ಲ. ಕೊನೇವರೆಗೂ ಚೆನ್ನಾಗಿರೋ ಹಾಗೇ ಇರತ್ತೆ. ಅದಕ್ಕೇ ಚೆನ್ನಾಗಿದ್ದಾಗಲೇ ತೋರಿಸಿ ಅಂತ ಬಡ್ಕೊಳ್ಳೋದು."

ಅದೇ ಮಾತನ್ನು ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ್ದವನು ತಾನೇ ಎಂಬುದು ಬೆಂಕಿಯಪ್ಪನಿಗೆ ನೆನಪಾಯಿತು.

"ಡಾಕ್ಟ್ರಮ್ಮ, ಅಳಿಯಂದ್ರಿಗೆ ಹೇಳಿ," ಎಂದರು ಅತ್ತೆ, ಗೋಡೆ ನೋಡುತ್ತ. "ಅವರು ಮನೆಗೆ ಹೋಗಲಿ. ನಾನು ಇವಳ ಹತ್ರ ಕೂತಿರ್ತೀನಿ."

ದೊರೆಸಾನಿ ಆಸ್ಪತ್ರೆಯಲ್ಲಿ ಉಳಿದಳು. ಅತ್ತೆ ಬೆಳಗ್ಗೆ ಹೋಗಿ ಸಂಜೆ ಬರುವರು, ಉಣ್ಣುವರು, ಮಲಗುವರು. ಮನೆಯಲ್ಲಿ ಮಾತು ಸಾಗಿಸಲು ಯಾರೂ ಇರಲಿಲ್ಲ. ಬೆಂಕಿಯಪ್ಪ ಒಮ್ಮೆ ಖಾಲಿ ಮೂಲೆಯತ್ತ ತಿರುಗಿ, "ಅತ್ತೆಗೆ ಹೇಳಮ್ಮ," ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದ. ಹೆಂಡತಿಗೆ ಅಯ್ಯೋ ಅನಿಸಿತು. ಆದರೂ, "ನಾನು ಬೆಕ್ಕಾಗಲ್ಲ ಕಣ್ರೀ. ನೀವೇ ಹೇಳ್ಕೊಳ್ಳಿ," ಎಂದಳು.

ಅವನು ಬಾಯಲ್ಲಿ ಹೇಳಲಾರದ್ದನ್ನು ಕಾಲಲ್ಲಿ ಹೇಳತೊಡಗಿದ. ಮನೆ ಮನೆಗೆ ಹೋಗಿ ಬೆಕ್ಕುಗಳ ಕೊರಳಿನ ಬಿಲ್ಲೆ ಬಿಚ್ಚಿದ, ನಿಜ ಹೇಳಿದ, ಬೈಸಿಕೊಂಡ. "ಥೂ, ನಿಮ್ಮನ್ನ ನಂಬಿ ನನ್ನ ಬೆಕ್ಕನ್ನ ಕೊಟ್ನಲ್ಲಾ!" ಎಂದು ಟೈಲರಮ್ಮ ಕತ್ತರಿ ಝಳಪಿಸಿದಳು. ಅವಳ ಬೆಕ್ಕನ್ನೂ ಆಸ್ಪತ್ರೆಗೆ ಒಯ್ದು, ಬೆಂಚಿನ ಮೇಲೆ ಸರದಿ ಬರುವ ತನಕ ಕೂತ. ಅದು ನಿಜವಾಗಿಯೂ ಗುಂಡುಕಲ್ಲಿನ ಹಾಗಿದೆ ಎಂದು ಡಾಕ್ಟರು ಹೇಳಿದಾಗ ಅವನಿಗೆ ಅಳು ಬಂತು.

ಕಾರ್ಯದರ್ಶಿಗಳಿಗೆ ಸಿಟ್ಟಿಗಿಂತ ಬೇರೆಯದೇ ಒಂದು ಸಂಶಯ ಬಂದಿತ್ತು. ತಮ್ಮ ಬಾಗಿಲ ಪಕ್ಕದ ಕೆಂಪು ಸಿಲಿಂಡರಿನತ್ತ ಬೆರಳು ತೋರಿಸಿ, "ಇದಕ್ಕೂ ನೀವೇ ಬಿಲ್ಲೆ ಕಟ್ಟಿದ್ದಲ್ವೇ?" ಎಂದರು.

ಬೆಂಕಿಯಪ್ಪ ನೋಡಿದ. ಮುಳ್ಳು ಹಸಿರಿನಲ್ಲಿತ್ತು. ಬೆರಳಿನಿಂದ ತಟ್ಟಿದ. ಹಸಿರಿನಲ್ಲೇ ಇತ್ತು. ಬಹಳ ವರ್ಷಗಳ ಮೇಲೆ ಮೊದಲ ಸಲ ಅದನ್ನು ಗೋಡೆಯಿಂದ ಕೆಳಗಿಳಿಸಿ ಎತ್ತಿ ತೂಕ ನೋಡಿದ. ಖಾಲಿ ಕೊಡದಂತೆ ಕೈಗೆ ಬಂತು. ಹಿಡಿ ಒತ್ತಿದರೆ 'ಪುಸ್' ಎಂದು ಒಂದು ಉಸಿರು ಬಂತು, ಅಷ್ಟೇ. ಮುಳ್ಳು ತುಕ್ಕು ಹಿಡಿದು ಹಸಿರಿನಲ್ಲೇ ಸಿಕ್ಕಿಕೊಂಡಿತ್ತು.

"ಅಂದ್ರೆ ಇಷ್ಟು ದಿನ ನಾವು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಇದನ್ನ ನಂಬ್ಕೊಂಡು?" ಎಂದು ಕಾರ್ಯದರ್ಶಿಗಳು ಮೆಟ್ಟಿಲ ಮೇಲೆ ಕುಸಿದು ಕೂತರು. ಬೆಂಕಿಯಪ್ಪನೂ ಪಕ್ಕದಲ್ಲಿ ಕೂತ. ಆಮೇಲೆ ಬೆಂಕಿಯಪ್ಪ ಎದ್ದು ಕಟ್ಟಡದ ಪ್ರತಿ ಮಹಡಿಯ ಸಿಲಿಂಡರನ್ನೂ ಕೆಳಗಿಳಿಸಿ ಎತ್ತಿ ನೋಡಿದ. ಅಲ್ಲಿಂದಾಚೆ ಅವನ ದಿನದ ಕೆಲಸ ಸಂಜೆಯೊಳಗೆ ಮುಗಿಯುವುದು ನಿಂತಿತು. ಕಂಪನಿಯವರು ಗೊಣಗಿದರು, ಅವನು ಕೇಳಿಸಿಕೊಳ್ಳಲಿಲ್ಲ.

ದೊರೆಸಾನಿ ಮನೆಗೆ ಬಂದಳು. ಹಲ್ಲು ಕೆಲವು ಹೋಗಿದ್ದವು, ಮೈ ಅರ್ಧವಾಗಿತ್ತು, ಊಟಕ್ಕೆ ಪಥ್ಯ ಬಂದಿತ್ತು. ಬೀರುವಿನ ಮೇಲೆ ಇನ್ನು ಹಾರಲಾರಳು. ಎಷ್ಟು ಕಾಲ ಇರುತ್ತಾಳೆಂದು ಡಾಕ್ಟರೂ ಹೇಳಲಿಲ್ಲ. ತಪ್ಪದೆ ಕರೆತಂದು ತೋರಿಸುತ್ತಿರಿ ಎಂದಷ್ಟೇ ಹೇಳಿದರು. ಅತ್ತೆ ಮೊದಲು ಕಿಟಕಿಯ ಪರದೆ ಕಿತ್ತುಹಾಕಿದರು. ಬಿಸಿಲು ಚಾಪೆಯ ಮೇಲೆ ಬಿತ್ತು. ಬೆಕ್ಕು ಮೆಲ್ಲಗೆ ನಡೆದು ಹೋಗಿ ಅದರ ನಡುವೆ ಮಲಗಿತು.

ಬೆಂಕಿಯಪ್ಪ ತಟ್ಟೆಯ ಮುಂದೆ ಕೂತು ಉಣ್ಣುತ್ತಿದ್ದ. ಅತ್ತೆ ಎದುರಿಗೆ ಕೂತು ಅವನನ್ನೇ ನೋಡುತ್ತಿದ್ದರು. ಅವನು ಕೈಯ ತುತ್ತು ತಟ್ಟೆಗೇ ಇಳಿಸಿದ. ಈಗ ಏನು ಸಂದೇಶ ಬರುತ್ತದೋ ಎಂದು ಬೆಕ್ಕಿನ ಕಡೆ ನೋಡಿದ.

"ದೊರೆಸಾನೀ," ಎಂದು ಶುರು ಮಾಡಿದರು ಅತ್ತೆ. ಬೆಕ್ಕು ಬಿಸಿಲಿನಲ್ಲಿ ಕಣ್ಣು ಮುಚ್ಚಿತ್ತು. ಅತ್ತೆ ಅದನ್ನು ಒಂದು ಗಳಿಗೆ ನೋಡಿ, "ಬೇಡ, ಮಲಗಲಿ ಪಾಪ," ಎಂದರು. ಆಮೇಲೆ ತಲೆ ಎತ್ತಿದರು.

"ಅಳಿಯಂದ್ರೇ."

ಬಡಿಸುತ್ತಿದ್ದ ಮಗಳ ಕೈಯ ಸೌಟು ಹಾಗೇ ನಿಂತಿತು. ಬೆಂಕಿಯಪ್ಪ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯದೆ ಅರ್ಧ ಎದ್ದ.

"ಎಷ್ಟೋ ದಿನದಿಂದ ನೋಡ್ತಾ ಇದ್ದೀನಿ, ಎಡಗಡೆ ಅಗಿಯೋದೇ ಇಲ್ಲ ನೀವು. ಬಿಸಿ ಕುಡಿದ್ರೆ ಕಣ್ಣು ಮುಚ್ಕೋತೀರಿ. ಬೆಕ್ಕಿನ ಬಾಯಿ ನೋಡದೆ ಕೆಟ್ಟೆ. ಬಾಯಿ ತೆಗೀರಿ."

"ಏನಿಲ್ಲ ಅತ್ತೆ, ಚೆನ್ನಾಗೇ ಇದ್ದೀನಿ," ಎಂದ ಬೆಂಕಿಯಪ್ಪ. ಆದರೆ ಅತ್ತೆಯ ಮುಖ ನೋಡಿ ಬಾಯಿ ತೆರೆದ. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿ ತಲೆಯಾಡಿಸಿದರು.

"ನಾಳೆ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ," ಎಂದರು. "ಬುಟ್ಟಿ ಬೇಕಾ, ಹಾಗೇ ಬರ್ತೀರಾ?"